ದಾಂಡೇಲಿಯ ಕಾಗದ, ಬಿಣಗಾದ ಕಾಸ್ಟಿಕ್ ಸೋಡಾ: ಷೇರಿನ ಹಲಾಲ್ ಲೆಕ್ಕ ನೋಡುವ ಬಗೆ

ಭಟ್ಕಳದ ಮಾವಿನಕುರ್ವೆಯಲ್ಲೋ ಹೊನ್ನಾವರದ ಕಾಸರಕೋಡಿನಲ್ಲೋ ಬೋಟು ದಡಕ್ಕೆ ಬಂದ ಮೇಲೆ ಲೆಕ್ಕ ಹೇಗೆ ನಡೆಯುತ್ತದೆ ಎಂದು ಕರಾವಳಿಯವರಿಗೆ ಹೇಳಿಕೊಡಬೇಕಿಲ್ಲ. ಮೀನು ಮಾರಿದ ದುಡ್ಡಿನಲ್ಲಿ ಮೊದಲು ಡೀಸೆಲ್, ಮಂಜುಗಡ್ಡೆ, ಊಟದ ಖರ್ಚು ಕಳೆಯುತ್ತಾರೆ. ಉಳಿದದ್ದರಲ್ಲಿ ಬೋಟಿಗೆ ಇಷ್ಟು ಪಾಲು, ತಾಂಡೇಲನಿಗೆ ಇಷ್ಟು, ಕಲಾಸಿಗಳಿಗೆ ಇಷ್ಟು. ಬಲೆ ಖಾಲಿ ಬಂದ ದಿನ ಪಾಲೂ ಖಾಲಿ. ಅದೇ ಬೋಟಿಗೆ ಬಡ್ಡಿಗೆ ಸಾಲ ಕೊಟ್ಟವನಿಗೆ ಮಾತ್ರ ಬಲೆಯ ಚಿಂತೆ ಇಲ್ಲ. ಮೀನು ಸಿಗಲಿ ಬಿಡಲಿ, ತಿಂಗಳಾದರೆ ಅವನ ದುಡ್ಡು ಅವನಿಗೆ ಬರಬೇಕು.

ಷೇರು ಅಂದರೆ ಪಾಲು. ಶರೀಅತ್ತಿನಲ್ಲಿ ಅದಕ್ಕೆ ಜಾಗ ಸಿಕ್ಕಿರುವುದೇ ಅದು ಬೋಟಿನ ಪಾಲಿನ ಹಾಗೆ ಲಾಭ-ನಷ್ಟ ಎರಡಕ್ಕೂ ಹೆಗಲು ಕೊಡುತ್ತದೆ ಅನ್ನುವ ಕಾರಣಕ್ಕೆ. ತೊಡಕು ಬರುವುದು ಕಂಪನಿಯ ಒಳಗೆ. ಇವತ್ತಿನ ಕಂಪನಿ ವ್ಯಾಪಾರವನ್ನೂ ಮಾಡುತ್ತದೆ, ಬ್ಯಾಂಕಿನಿಂದ ಬಡ್ಡಿಗೆ ಸಾಲವನ್ನೂ ತೆಗೆಯುತ್ತದೆ, ಕೈಯಲ್ಲಿ ಮಿಕ್ಕ ಹಣವನ್ನು ಎಫ್‌ಡಿಯಲ್ಲಿಟ್ಟು ಬಡ್ಡಿಯನ್ನೂ ಎಣಿಸುತ್ತದೆ. ನೀವು ಪಾಲುದಾರರಾದ ಕೂಡಲೇ ಈ ಮೂರರಲ್ಲೂ ನಿಮ್ಮ ಪಾಲಿದೆ.

ಈ ವಿಷಯದಲ್ಲಿ ವಿದ್ವಾಂಸರು ಒಂದೇ ದನಿಯಲ್ಲಿ ಮಾತಾಡಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕು. ಜಿದ್ದಾದ ಅಂತರರಾಷ್ಟ್ರೀಯ ಫಿಕ್ಹ್ (ಇಸ್ಲಾಮಿಕ್ ಕಾನೂನುಶಾಸ್ತ್ರ) ಅಕಾಡೆಮಿ 1992ರಲ್ಲಿ ಕೊಟ್ಟ ನಿರ್ಣಯ ಕಟ್ಟುನಿಟ್ಟಿನದು: ಮುಖ್ಯ ವ್ಯಾಪಾರ ಹಲಾಲ್ ಆಗಿದ್ದರೂ ಆಗಾಗ ಬಡ್ಡಿ ವ್ಯವಹಾರ ಮಾಡುವ ಕಂಪನಿಯಲ್ಲಿ ಪಾಲು ತೆಗೆದುಕೊಳ್ಳುವುದು ಮೂಲತಃ ನಿಷಿದ್ಧ. ಇಸ್ಲಾಮಿಕ್ ಹಣಕಾಸಿಗೆ ಮಾನದಂಡ ಬರೆಯುವ ಬಹ್ರೇನಿನ ಆಯೋಫಿ ಸಂಸ್ಥೆ ತನ್ನ 21ನೇ ಶರೀಅ ಮಾನದಂಡದಲ್ಲಿ ಮೂಲ ನಿಯಮ ಅದೇ ಎಂದು ಒಪ್ಪಿ, ತಪ್ಪಿಸಲಾಗದ ಸಣ್ಣ ಪ್ರಮಾಣಕ್ಕೆ ಮಿತಿ ಹಾಕಿ ಅವಕಾಶ ಕೊಟ್ಟಿತು. ಈ ಲೇಖನ ಎರಡನೇ ದಾರಿಯಲ್ಲಿ ಹೋಗುವವರಿಗೆ. ಮೊದಲನೆಯದನ್ನು ಪಾಲಿಸುವವರು ಹೆಚ್ಚು ಜಾಗ್ರತೆಯವರು, ಅವರ ಜತೆ ವಾದವಿಲ್ಲ. ಆದರೆ ಎರಡನೇ ದಾರಿ ಹಿಡಿದ ಮೇಲೆ ಮಿತಿಯನ್ನು ಲೆಕ್ಕ ಹಾಕಿಯೇ ನೋಡಬೇಕು. ಮೊಬೈಲಿನಲ್ಲಿ ಒಂದು ಪಟ್ಟಿ ಡೌನ್‌ಲೋಡ್ ಮಾಡಿ ಎರಡು ವರ್ಷ ಅದನ್ನೇ ನಂಬಿಕೊಂಡು ಕೂರುವುದು ಯಾವ ದಾರಿಯೂ ಅಲ್ಲ.

ಮಿತಿಗಳು ಒಬ್ಬೊಬ್ಬರದು ಒಂದೊಂದು ತರ. ಆಯೋಫಿ ಪ್ರಕಾರ ಬಡ್ಡಿಯ ಸಾಲ ಕಂಪನಿಯ ಮಾರುಕಟ್ಟೆ ಮೌಲ್ಯದ (ಅದರ ಎಲ್ಲ ಷೇರುಗಳ ಪೇಟೆ ಬೆಲೆಯ ಮೊತ್ತ) 30% ದಾಟಬಾರದು, ಬಡ್ಡಿಗಿಟ್ಟ ಠೇವಣಿಯೂ 30% ದಾಟಬಾರದು, ನಿಷಿದ್ಧ ಆದಾಯ ಒಟ್ಟು ಆದಾಯದ 5% ಮೀರಬಾರದು. ಡೌ ಜೋನ್ಸ್ ಇಸ್ಲಾಮಿಕ್ ಸೂಚ್ಯಂಕ ಕಳೆದ 24 ತಿಂಗಳ ಸರಾಸರಿ ಮಾರುಕಟ್ಟೆ ಮೌಲ್ಯ ತೆಗೆದುಕೊಂಡು 33% ಎನ್ನುತ್ತದೆ. ಎಫ್‌ಟಿಎಸ್‌ಇ ಮಾರುಕಟ್ಟೆ ಮೌಲ್ಯವನ್ನು ಬಿಟ್ಟು ಒಟ್ಟು ಆಸ್ತಿಯ ಮೂರನೇ ಒಂದು ಭಾಗ ಎನ್ನುತ್ತದೆ. ನಮ್ಮ ದೇಶದಲ್ಲಿ ಹೆಚ್ಚು ಬಳಕೆಯಲ್ಲಿರುವ ಮುಂಬೈನ ತಾಸಿಸ್ ಸಂಸ್ಥೆಯ ಅಳತೆ ಸಾಲ ಮತ್ತು ಬಡ್ಡಿ ಆದಾಯದಲ್ಲಿ ಇವೆಲ್ಲಕ್ಕಿಂತ ಬಿಗಿ: ಸಾಲ ಒಟ್ಟು ಆಸ್ತಿಯ 25% ಒಳಗೆ, ಬಡ್ಡಿ ಆದಾಯ ಒಟ್ಟು ಆದಾಯದ 3% ಒಳಗೆ, ಬರಬೇಕಾದ ಬಾಕಿ ಮತ್ತು ನಗದು ಸೇರಿ ಒಟ್ಟು ಆಸ್ತಿಯ 90% ಒಳಗೆ.

ಭಾರತದಲ್ಲಿ ಕೂತು ಲೆಕ್ಕ ಮಾಡುವವರಿಗೆ ನನ್ನ ಸಲಹೆ ತಾಸಿಸ್ ಅಳತೆಯೇ. ಬಿಗಿಯಾಗಿದೆ ಎಂಬುದಕ್ಕಿಂತಲೂ, ಒಟ್ಟು ಆಸ್ತಿಯನ್ನು ಆಧಾರ ಮಾಡಿಕೊಂಡದ್ದು ಮುಖ್ಯ. ಒಂದು ಕಂಪನಿಗೆ 900 ಕೋಟಿ ಸಾಲ, 3,200 ಕೋಟಿ ಮಾರುಕಟ್ಟೆ ಮೌಲ್ಯ ಇದೆ ಅನ್ನಿ. ಸಾಲ 28%, ಆಯೋಫಿ ಅಳತೆಯಲ್ಲಿ ಪಾಸು. ಪೇಟೆ ಬಿದ್ದು ಷೇರು 25% ಇಳಿಯಿತು. ಮೌಲ್ಯ 2,400 ಕೋಟಿಗೆ ಬಂತು, ಸಾಲ 37.5% ಆಯಿತು, ಫೇಲು. ಕಂಪನಿ ಒಂದು ರೂಪಾಯಿ ಹೊಸ ಸಾಲ ಮಾಡಿಲ್ಲ, ಆದರೂ ನೀವು ಬಿದ್ದ ಬೆಲೆಗೆ ಮಾರಿ ಹೊರಡಬೇಕು. ಪೇಟೆ ಏರುವಾಗ ಇದು ತಿರುಗಿ ಹೊಡೆಯುತ್ತದೆ: ಸಾಲದಲ್ಲಿ ಮುಳುಗಿದ ಕಂಪನಿಯೂ ಷೇರು ಬೆಲೆ ಹಾರಿದ ಮಾತ್ರಕ್ಕೆ ಹಲಾಲ್ ಆಗಿಬಿಡುತ್ತದೆ. ಆಸ್ತಿಯ ಅಳತೆಯಲ್ಲಿ ಈ ಏರಿಳಿತವಿಲ್ಲ.

ಒಂದು ಅಳತೆ ಆರಿಸಿಕೊಂಡ ಮೇಲೆ ಅದಕ್ಕೇ ಅಂಟಿಕೊಳ್ಳಿ. ಈ ಷೇರಿಗೆ ಆಯೋಫಿ, ಆ ಷೇರಿಗೆ ತಾಸಿಸ್ ಎಂದು ಬೇಕಾದ್ದನ್ನು ಪಾಸು ಮಾಡಿಸಿಕೊಳ್ಳುತ್ತ ಹೋದರೆ ಮಿತಿಗೆ ಅರ್ಥವೇ ಉಳಿಯುವುದಿಲ್ಲ.

ವ್ಯಾಪಾರ ಯಾವುದು?

ಲೆಕ್ಕಕ್ಕಿಂತ ಮೊದಲು ನೋಡಬೇಕಾದ್ದು ಇದು. ಬ್ಯಾಂಕು, ಹಣಕಾಸು ಕಂಪನಿ, ವಿಮೆ, ಮದ್ಯ, ಸಿಗರೇಟು, ಜೂಜು, ಹಂದಿ ಮಾಂಸ, ಅಶ್ಲೀಲ ಮನರಂಜನೆ ಇವೆಲ್ಲ ನೇರವಾಗಿ ಹೊರಗೆ. ಸುಲಭ ಅನ್ನಿಸುತ್ತದೆ, ಅಷ್ಟು ಸುಲಭವಿಲ್ಲ. ನಮ್ಮ ಜಿಲ್ಲೆಯಲ್ಲೇ ಕಣ್ಣಿಗೆ ಕಾಣುವ ಮೂರು ಕಂಪನಿ ತೆಗೆದುಕೊಳ್ಳಿ. ಕೊಳ್ಳಿ, ಬಿಡಿ ಎಂದು ಹೇಳುತ್ತಿಲ್ಲ. ಓದುವುದನ್ನು ಕಲಿಯಲು ಪರಿಚಯದ ಹೆಸರು ಒಳ್ಳೆಯದು.

ಕಾರವಾರದ ಬಿಣಗಾದಲ್ಲಿ ಕಾಸ್ಟಿಕ್ ಸೋಡಾ ಮಾಡುವ ಕಾರ್ಖಾನೆ ಗ್ರಾಸಿಂ ಕಂಪನಿಯದು. ಹೆದ್ದಾರಿಯಿಂದ ನೋಡಿದವರಿಗೆ ಅದು ರಾಸಾಯನಿಕದ ಕಂಪನಿ. ಅದರ ಸ್ವತಂತ್ರ ಲೆಕ್ಕಪತ್ರ ತೆರೆದರೂ ವಿಸ್ಕೋಸ್ ನೂಲು, ರಾಸಾಯನಿಕ, ಬಣ್ಣ ಇವೇ ಕಾಣುತ್ತವೆ. ಆದರೆ ಅಂಗಸಂಸ್ಥೆಗಳನ್ನೂ ಸೇರಿಸಿ ಬರೆದ ಕ್ರೋಡೀಕೃತ ಲೆಕ್ಕಪತ್ರ ತೆರೆದರೆ ಅಲ್ಟ್ರಾಟೆಕ್ ಸಿಮೆಂಟಿನ ಜತೆಗೆ ಆದಿತ್ಯ ಬಿರ್ಲಾ ಕ್ಯಾಪಿಟಲ್ ಕೂಡ ಅದರ ಅಂಗಸಂಸ್ಥೆಯಾಗಿ ಒಳಗೆ ಕೂತಿದೆ. ಅಂದರೆ ಸಾಲ ಕೊಡುವ ವ್ಯಾಪಾರ, ವಿಮೆ, ಎಲ್ಲ. ಗ್ರಾಸಿಂ ಷೇರು ಕೊಂಡವನಿಗೆ ಅದರಲ್ಲೂ ಪಾಲಿದೆ. ಆದ್ದರಿಂದ ಯಾವಾಗಲೂ ಕ್ರೋಡೀಕೃತ ಲೆಕ್ಕವನ್ನೇ ಓದಬೇಕು, ಅದರಲ್ಲೂ 'ಸೆಗ್ಮೆಂಟ್ ಮಾಹಿತಿ' ಎಂಬ ಟಿಪ್ಪಣಿಗೆ ಮೊದಲು ಹೋಗಬೇಕು. ಯಾವ ವ್ಯಾಪಾರದಿಂದ ಎಷ್ಟು ಆದಾಯ ಬಂತು ಎಂಬುದು ಅಲ್ಲಿ ಬಿಡಿಬಿಡಿಯಾಗಿ ಸಿಗುತ್ತದೆ. ಟ್ರ್ಯಾಕ್ಟರು, ಜೀಪು ಮಾಡುವ ಮಹೀಂದ್ರಾದ ಕ್ರೋಡೀಕೃತ ಲೆಕ್ಕದಲ್ಲೂ ಹೀಗೆಯೇ ಒಂದು ಫೈನಾನ್ಸ್ ಕಂಪನಿ ಇದೆ.

ಹಳಿಯಾಳದಲ್ಲಿ ಇಐಡಿ ಪ್ಯಾರಿಯ ಸಕ್ಕರೆ ಕಾರ್ಖಾನೆ ಇದೆ. ಸಕ್ಕರೆ ಕಂಪನಿಗಳಲ್ಲಿ ಕೇಳಬೇಕಾದ ಪ್ರಶ್ನೆ ಡಿಸ್ಟಿಲರಿಯದು. ಕಾಕಂಬಿಯಿಂದ ಮಾಡಿದ ಎಥೆನಾಲ್ ಪೆಟ್ರೋಲಿಗೆ ಬೆರೆಸಲು ಎಣ್ಣೆ ಕಂಪನಿಗಳಿಗೆ ಹೋದರೆ ಅದು ಇಂಧನ. ಅದೇ ಡಿಸ್ಟಿಲರಿಯಿಂದ ಇಎನ್‌ಎ ಹೆಸರಿನ ಶುದ್ಧ ಸ್ಪಿರಿಟ್ ಮದ್ಯ ತಯಾರಕರಿಗೆ ಹೋದರೆ ಅದು ನಿಷಿದ್ಧ ಆದಾಯ. 'ಡಿಸ್ಟಿಲರಿ' ಎಂಬ ಪದ ಕಂಡ ಕೂಡಲೇ ಬಿಸಾಡುವುದೂ ತಪ್ಪು, ಎಥೆನಾಲ್ ಅಂದರೆ ಪೆಟ್ರೋಲಿಗೇ ಎಂದು ತಿಳಿಯುವುದೂ ತಪ್ಪು. ವಾರ್ಷಿಕ ವರದಿಯ ಆಡಳಿತ ಮಂಡಳಿ ಚರ್ಚೆಯ ಪುಟಗಳಲ್ಲಿ ಎರಡರ ಪ್ರಮಾಣ ಬೇರೆ ಬೇರೆ ಕೊಟ್ಟಿದ್ದಾರೆಯೇ ನೋಡಿ. ಕೊಟ್ಟಿಲ್ಲದಿದ್ದರೆ ಷೇರುದಾರರ ವಿಭಾಗಕ್ಕೆ ಇಮೇಲ್ ಬರೆದು ಕೇಳಬಹುದು. ಉತ್ತರ ಬಾರದಿದ್ದರೆ ಬಿಟ್ಟುಬಿಡಿ, ಪೇಟೆಯಲ್ಲಿ ಬೇರೆ ಕಂಪನಿಗಳಿಗೆ ಬರವಿಲ್ಲ.

ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಓದುವ ಅಭ್ಯಾಸಕ್ಕೆ ಹೇಳಿ ಮಾಡಿಸಿದ ಹಾಗಿದೆ. ಕಾಗದ, ಮೈಸೂರಿನಲ್ಲಿ ಕೇಬಲ್ ಘಟಕ, 2019ರಲ್ಲಿ ಕೈಗೆ ಬಂದ ಆಂಧ್ರ ಪೇಪರ್. ವ್ಯಾಪಾರದಲ್ಲಿ ತಕರಾರು ಹುಡುಕುವಂಥದ್ದಿಲ್ಲ. ಹಾಗಾಗಿ ನೇರವಾಗಿ ಅಂಕಿಗಳಿಗೆ ಇಳಿಯಬಹುದು. ಬಿಎಸ್‌ಇ ಜಾಲತಾಣದಲ್ಲಿ ವರದಿ ಪುಕ್ಕಟೆ ಸಿಗುತ್ತದೆ. ತೆರೆದಿಟ್ಟುಕೊಂಡು ಮುಂದಿನ ಭಾಗ ಓದಿ.

ಬ್ಯಾಲೆನ್ಸ್ ಶೀಟಿನಲ್ಲಿ ಎಡವುವ ಜಾಗಗಳು

ಸಾಲ ಎರಡು ಕಡೆ ಇರುತ್ತದೆ. ದೀರ್ಘಾವಧಿ ಹೊಣೆಗಳ ಕೆಳಗೆ 'ಬಾರೋಯಿಂಗ್ಸ್' ಎಂದು ಒಂದು, ಅಲ್ಪಾವಧಿ ಹೊಣೆಗಳ ಕೆಳಗೆ ಅದೇ ಹೆಸರಿನಲ್ಲಿ ಇನ್ನೊಂದು. ಒಂದು ಕಾಲ್ಪನಿಕ ಕಂಪನಿಯ ಅಂಕಿ ಹಾಕೋಣ: ದೀರ್ಘಾವಧಿ ಸಾಲ 310 ಕೋಟಿ, ಅಲ್ಪಾವಧಿ 190 ಕೋಟಿ, ಒಟ್ಟು ಆಸ್ತಿ 2,400 ಕೋಟಿ. ಮೊದಲನೆಯದನ್ನು ಮಾತ್ರ ಎಣಿಸಿದರೆ 12.9%, ಎರಡೂ ಸೇರಿಸಿದರೆ 20.8%. ತಾಸಿಸ್ ಅಳತೆಯಲ್ಲಿ ಪಾಸು, ಆದರೆ ಮೇಲೆ ನಾಲ್ಕು ಶೇಕಡಾ ಜಾಗ ಮಾತ್ರ ಉಳಿದಿದೆ.

ಅದೇ ಪುಟದಲ್ಲಿ 'ಲೀಸ್ ಹೊಣೆ' 140 ಕೋಟಿ ಎಂದಿದೆ ಅನ್ನಿ. ಸೇರಿಸಿದರೆ 26.7%, ಫೇಲು. ಸೇರಿಸಬೇಕೇ? 2019ರ ಏಪ್ರಿಲ್‌ನಿಂದ ಹೊಸ ಲೆಕ್ಕ ನಿಯಮ ಬಂದ ಮೇಲೆ ಮುಂದಿನ ವರ್ಷಗಳಲ್ಲಿ ಕೊಡಬೇಕಾದ ಅಂಗಡಿ ಬಾಡಿಗೆ, ಗೋದಾಮು ಬಾಡಿಗೆಗಳೂ ಬ್ಯಾಲೆನ್ಸ್ ಶೀಟಿಗೆ ಹೊಣೆಯಾಗಿ ಬಂದು ಕೂತಿವೆ. ಬಾಡಿಗೆ ರಿಬಾ (ಬಡ್ಡಿ) ಅಲ್ಲ, ಇಜಾರಾ (ಬಾಡಿಗೆ ಒಪ್ಪಂದ). ಅದನ್ನು ಬಿಟ್ಟು ಎಣಿಸುವುದೇ ಸರಿ ಎಂಬುದು ನನ್ನ ತೀರ್ಮಾನ. ಆಪ್ ಒಂದು ಈ ಕಂಪನಿಯನ್ನು ಹರಾಂ ಎಂದೂ ಇನ್ನೊಂದು ಹಲಾಲ್ ಎಂದೂ ತೋರಿಸಿದರೆ ಹೆಚ್ಚಿನ ಸಲ ಕಾರಣ ಈ ಸಾಲೇ ಆಗಿರುತ್ತದೆ, ಇಲ್ಲವೇ ಸಾಲವನ್ನು ಆಸ್ತಿಯಿಂದ ಭಾಗಿಸಿದರೋ ಮಾರುಕಟ್ಟೆ ಮೌಲ್ಯದಿಂದಲೋ ಎಂಬ, ಹಿಂದೆ ಹೇಳಿದ ವ್ಯತ್ಯಾಸ.

ಇನ್ನೊಂದು ಸೂಕ್ಷ್ಮ. ಬ್ಯಾಲೆನ್ಸ್ ಶೀಟು ಮಾರ್ಚ್ 31ರ ಒಂದು ದಿನದ ಫೋಟೋ. ಆ ಹೊತ್ತಿಗೆ ಸಾಲ ತೀರಿಸಿ ಏಪ್ರಿಲ್‌ನಲ್ಲಿ ಮತ್ತೆ ತೆಗೆಯುವ ಕಂಪನಿಗಳಿವೆ. ಹಿಡಿಯುವುದು ಹೀಗೆ: ಲಾಭ-ನಷ್ಟ ಪಟ್ಟಿಯಲ್ಲಿ 'ಫೈನಾನ್ಸ್ ಕಾಸ್ಟ್' ನೋಡಿ, ಸಾಲದಿಂದ ಭಾಗಿಸಿ. 500 ಕೋಟಿ ಸಾಲಕ್ಕೆ 45 ಕೋಟಿ ಬಡ್ಡಿ ಅಂದರೆ 9%, ಹೊಂದುತ್ತದೆ. 75 ಕೋಟಿ ಬಡ್ಡಿ ಇದ್ದರೆ 15% ಆಗುತ್ತದೆ. ಒಳ್ಳೆಯ ಕಂಪನಿ ಅಷ್ಟು ದರಕ್ಕೆ ಸಾಲ ತೆಗೆಯುವುದಿಲ್ಲ. ವರ್ಷದ ನಡುವೆ ಸಾಲ ಇನ್ನೂ ಹೆಚ್ಚಿತ್ತು ಎಂದೇ ಅರ್ಥ. ಫೈನಾನ್ಸ್ ಕಾಸ್ಟಿನ ಟಿಪ್ಪಣಿಯಲ್ಲಿ ಲೀಸಿನ ಬಡ್ಡಿಯೂ ಬೆರೆತಿರುತ್ತದೆ, ಭಾಗಿಸುವ ಮೊದಲು ಅದನ್ನು ಕಳೆಯಿರಿ.

ಈಗ ಆದಾಯದ ಕಡೆ. 'ಇತರೆ ಆದಾಯ' ಟಿಪ್ಪಣಿಗೆ ಹೋಗಿ. ನಮ್ಮ ಕಂಪನಿಯ ಒಟ್ಟು ಆದಾಯ 2,000 ಕೋಟಿ, ಅದರಲ್ಲಿ ಇತರೆ ಆದಾಯ 48 ಕೋಟಿ. ಬಿಡಿಸಿದರೆ ಬ್ಯಾಂಕ್ ಠೇವಣಿಯ ಬಡ್ಡಿ 22 ಕೋಟಿ, ತೆರಿಗೆ ಮರುಪಾವತಿ ಮೇಲಿನ ಬಡ್ಡಿ 2 ಕೋಟಿ, 'ಹಣಕಾಸು ಆಸ್ತಿಗಳ ನ್ಯಾಯಮೌಲ್ಯದ ಲಾಭ' 14 ಕೋಟಿ, ಭದ್ರತಾ ಠೇವಣಿಯ ಲೆಕ್ಕದ ಬಡ್ಡಿ 4 ಕೋಟಿ, ಗುಜರಿ ಮಾರಾಟ 6 ಕೋಟಿ. ಬಡ್ಡಿ ಎಂದು ಹೆಸರಿಟ್ಟ ಮೊದಲ ಸಾಲನ್ನು ಮಾತ್ರ ನೋಡುವವರು 22 ಬರೆದುಕೊಂಡು ಮುಗಿಸುತ್ತಾರೆ. ತಪ್ಪಾಗುವುದು 14 ಕೋಟಿಯಲ್ಲಿ. ಹೂಡಿಕೆಗಳ ಟಿಪ್ಪಣಿ ತೆರೆದರೆ ಆ ಹಣ ಲಿಕ್ವಿಡ್ ಫಂಡು, ಸಾಲಪತ್ರ ಫಂಡುಗಳಲ್ಲಿ ಇರುತ್ತದೆ. ಹೆಸರು ಲಾಭ, ಒಳಗಿರುವುದು ಬಡ್ಡಿ. ಅದನ್ನೂ ಎಣಿಸಬೇಕು. ಭದ್ರತಾ ಠೇವಣಿಯ 4 ಕೋಟಿ ಮಾತ್ರ ಕಾಗದದ ಮೇಲಿನದು; ಬಡ್ಡಿಯಿಲ್ಲದೆ ಕೊಟ್ಟ ಮುಂಗಡವನ್ನು ಲೆಕ್ಕ ನಿಯಮ ಹಾಗೆ ತೋರಿಸುತ್ತದೆ, ಯಾರೂ ಯಾರಿಗೂ ಬಡ್ಡಿ ಕೊಟ್ಟಿಲ್ಲ. ಹೀಗೆ ನಿಷಿದ್ಧ ಆದಾಯ 22, 2, 14 ಸೇರಿ 38 ಕೋಟಿ, ಒಟ್ಟು ಆದಾಯದ 1.9%. ಮಿತಿಯ ಒಳಗಿದೆ. ಅನುಮಾನ ಬಂದರೆ ನಗದು ಹರಿವಿನ ಪಟ್ಟಿಯಲ್ಲಿ 'ಬಡ್ಡಿ ಸ್ವೀಕೃತಿ' ಸಾಲಿಗೆ ತಾಳೆ ನೋಡಿ.

ನಗದು ಮತ್ತು ಬಾಕಿಯ ಮಿತಿ ಸಾಮಾನ್ಯ ಕಾರ್ಖಾನೆಗಳಿಗೆ ತೊಂದರೆ ಕೊಡುವುದಿಲ್ಲ. ಅದರ ಹಿಂದಿನ ಯೋಚನೆ ಇಷ್ಟು: ಒಳಗೆ ಬರೀ ಹಣವೇ ಇರುವ ಕಂಪನಿಯ ಷೇರನ್ನು ಆ ಷೇರಿನ ಪಾಲಿಗೆ ಬರುವ ಹಣಕ್ಕಿಂತ ಹೆಚ್ಚಿಗೆ ಕೊಂಡರೆ ಹಣಕ್ಕೆ ಹಣ ಮಾರಿದಂತಾಗುತ್ತದೆ. ಕಾರ್ಖಾನೆ ಮಾರಿ ಹಣ ಇಟ್ಟುಕೊಂಡು ಕೂತ ಕಂಪನಿಗಳಲ್ಲಿ ಇದನ್ನು ನೋಡಿ.

ಸಾಲದ ಅಂಕಿ ವರ್ಷಕ್ಕೆ ಎರಡೇ ಸಲ ಹೊರಬೀಳುತ್ತದೆ ಎಂಬುದು ಬಹಳ ಜನಕ್ಕೆ ಗೊತ್ತಿರುವುದಿಲ್ಲ. ತ್ರೈಮಾಸಿಕ ಫಲಿತಾಂಶದಲ್ಲಿ ಲಾಭ-ನಷ್ಟ ಬರುತ್ತದೆ. ಆಸ್ತಿ-ಹೊಣೆ ಪಟ್ಟಿ ಬರುವುದು ಸೆಪ್ಟೆಂಬರ್ ಮತ್ತು ಮಾರ್ಚ್ ಅಂತ್ಯದ ಫಲಿತಾಂಶಗಳ ಜತೆ. ಅಂದರೆ ನವೆಂಬರ್ ಮಧ್ಯ ಮತ್ತು ಮೇ ಕೊನೆ ನಿಮ್ಮ ತಪಾಸಣೆಯ ಸಮಯ. ಹತ್ತು ಕಂಪನಿಗೆ ಎರಡು ಸಂಜೆ ಸಾಕು.

ಕೊಳ್ಳುವಾಗ, ಮಾರುವಾಗ

ಶಿರಸಿಯಲ್ಲಿ ಅಡಿಕೆ ಟೆಂಡರಿನಲ್ಲಿ ರಾಶಿಗೆ ದರ ಬರೆದ ವ್ಯಾಪಾರಿ ತೂಕ ಮಾಡಿಸಿ, ಚೀಲ ತನ್ನ ಗೋದಾಮಿಗೆ ಬಂದ ಮೇಲೆ ಮುಂದಿನವನಿಗೆ ಮಾರುತ್ತಾನೆ. ಕೈಗೆ ಬರುವ ಮುನ್ನ ಮಾರಬೇಡ ಎಂಬುದು ಫಿಕ್ಹಿನ ಹಳೆಯ ನಿಯಮ. ಭಟ್ಕಳದ ನವಾಯತರು ಅನುಸರಿಸುವ ಫಿಕ್ಹ್ ಪಂಥವಾದ ಶಾಫಿ ಮದ್ಹಬ್‌ನಲ್ಲಿ ಇದು ಎಲ್ಲ ಸರಕಿಗೂ ಅನ್ವಯ. ಘಟ್ಟದ ಮೇಲೆ ಹೆಚ್ಚು ಇರುವ ಹನಫಿಗಳಲ್ಲೂ ಚರ ವಸ್ತುಗಳಿಗೆ ಅದೇ ಮಾತು.

ಷೇರಿನಲ್ಲಿ ಕೈಗೆ ಬರುವುದು ಅಂದರೆ ಷೇರು ಇಡುವ ಖಾತೆಯಾದ ಡಿಮ್ಯಾಟಿಗೆ ಬರುವುದು. 2023ರ ಜನವರಿಯಿಂದ ನಮ್ಮಲ್ಲಿ ಎಲ್ಲ ಷೇರುಗಳಿಗೂ ಮರುದಿನದ ಸೆಟ್ಲ್‌ಮೆಂಟ್. ಸೋಮವಾರ ಕೊಂಡದ್ದು ಮಂಗಳವಾರ ಖಾತೆಗೆ ಬೀಳುತ್ತದೆ, ಬುಧವಾರ ನಿಶ್ಚಿಂತೆಯಿಂದ ಮಾರಬಹುದು. ಕೊಂಡ ದಿನವೇ ಮಾರುವ ಇಂಟ್ರಾಡೇ ಆಗದು. ಇವತ್ತು ಕೊಂಡು ನಾಳೆ ಬೆಳಿಗ್ಗೆಯೇ, ಷೇರು ಖಾತೆಗೆ ಬೀಳುವ ಮುನ್ನ ಮಾರುವುದೂ ಆಗದು. ಬ್ರೋಕರ್ ಆಪ್‌ಗಳು ಅದಕ್ಕೆ ಬಿಡುತ್ತವೆ, ನೀವೇ ತಡೆದುಕೊಳ್ಳಬೇಕು. ಕೈಯಲ್ಲಿ ಇಲ್ಲದ್ದನ್ನು ಮಾರುವ ಶಾರ್ಟ್ ಸೆಲ್ಲಿಂಗ್, ಷೇರು ಬಾಡಿಗೆಗೆ ಕೊಟ್ಟು ಶುಲ್ಕ ಪಡೆಯುವುದು, ನಿಗದಿತ ಡಿವಿಡೆಂಡಿನ ಪ್ರಿಫರೆನ್ಸ್ ಷೇರು, ಡಿಬೆಂಚರು ಎಲ್ಲ ಹೊರಗೆ.

ಮುಂದಿನ ಬೆಲೆಯ ಮೇಲೆ ಒಪ್ಪಂದ ಮಾಡುವ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಬಗ್ಗೆ ಫಿಕ್ಹ್ ಹೇಳುವುದು ಗರರ್ ಮತ್ತು ಮೈಸಿರ್, ಅಂದರೆ ಅನಿಶ್ಚಿತತೆ ಮತ್ತು ಜೂಜು. ಷೇರುಪೇಟೆಯ ನಿಯಂತ್ರಕ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಹೇಳಿದ್ದು ಅಂಕಿಯಲ್ಲಿ: ಮೂರು ವರ್ಷಗಳಲ್ಲಿ ಅಲ್ಲಿ ಆಡಿದ ಸಾಮಾನ್ಯ ಜನರಲ್ಲಿ 93% ಮಂದಿ ಕಳೆದುಕೊಂಡರು, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮೇಲೆ. ಟೆಲಿಗ್ರಾಂನಲ್ಲಿ 'ಹಲಾಲ್ ಆಪ್ಷನ್ ಕಾಲ್ಸ್' ಎಂದು ಹುಡುಗರನ್ನು ಸೆಳೆಯುವುದನ್ನು ಕಂಡರೆ ನೋವಾಗುತ್ತದೆ. ಅಂಥದ್ದು ಇಲ್ಲವೇ ಇಲ್ಲ.

ಗೊತ್ತಿಲ್ಲದೆ ಬಡ್ಡಿ ಕಟ್ಟುವ ಜಾಗಗಳೂ ಇವೆ. ಆರ್ಡರ್ ಹಾಕುವ ಪರದೆಯಲ್ಲಿ 'ಎಂಟಿಎಫ್' ಆಯ್ಕೆ ಮೊದಲೇ ಒತ್ತಿರಬಹುದು. ಒಂದು ಭಾಗ ನಿಮ್ಮ ದುಡ್ಡು, ಉಳಿದದ್ದು ಬ್ರೋಕರನ ಸಾಲ, ದಿನದ ಲೆಕ್ಕದಲ್ಲಿ ಬಡ್ಡಿ. ಪ್ರತಿ ಸಲ 'ಡೆಲಿವರಿ' ಎಂದು ನೋಡಿಯೇ ಒತ್ತಿ; ಸಾಧ್ಯವಾದರೆ ಆ ಸೌಲಭ್ಯವನ್ನೇ ಖಾತೆಯಿಂದ ತೆಗೆಸಿ. ಎರಡನೆಯದು, ವರ್ಷದ ಡಿಮ್ಯಾಟ್ ಶುಲ್ಕ ಕಡಿತವಾಗುವಾಗ ಖಾತೆಯಲ್ಲಿ ಹಣ ಇಲ್ಲದಿದ್ದರೆ ಬಾಕಿ ಋಣಕ್ಕೆ ಇಳಿದು ವಿಳಂಬ ಬಡ್ಡಿ ಶುರುವಾಗುತ್ತದೆ. ನೂರಿನ್ನೂರು ರೂಪಾಯಿ ಅಲ್ಲಿ ಉಳಿದಿರಲಿ. ಅದರ ಆಚೆಗೆ ದೊಡ್ಡ ಮೊತ್ತ ಉಳಿಸಬೇಡಿ, ಖಾಲಿ ಹಣವನ್ನು ತಾನಾಗಿಯೇ ಲಿಕ್ವಿಡ್ ಫಂಡಿಗೆ ಹಾಕುವ ಸೌಲಭ್ಯಕ್ಕೆ ಒಪ್ಪಿಗೆ ಕೊಡಬೇಡಿ.

ಕಂಪನಿ ಮೊದಲ ಬಾರಿಗೆ ಜನರಿಗೆ ಷೇರು ಮಾರುವ ಐಪಿಒ ಆದರೆ ಅರ್ಜಿ ಹಣ ನಿಮ್ಮ ಬ್ಯಾಂಕ್ ಖಾತೆಯಲ್ಲೇ ತಡೆಹಿಡಿದಿರುತ್ತದೆ, ಅದರಲ್ಲಿ ತೊಡಕಿಲ್ಲ. ಕಂಪನಿಯ ಮಾಹಿತಿ ಪತ್ರದಲ್ಲಿ ಹಣ ಯಾತಕ್ಕೆ ಎಂಬ ಭಾಗ ಓದಿ. 'ಸಾಲ ತೀರಿಸಲು' ಎಂದಿದ್ದರೆ ಇವತ್ತು ಫೇಲಾಗುವ ಕಂಪನಿ ನಾಳೆ ಪಾಸಾಗಬಹುದು. ತೀರಿಸಿದ ಮೇಲೆ ಕೊಳ್ಳಿ, ಮೊದಲಲ್ಲ.

ದುಬೈ, ಜಿದ್ದಾ, ದಮ್ಮಾಮಿನಲ್ಲಿ ಇರುವವರಿಗೆ ಒಂದು ಮಾತು. ಎನ್‌ಆರ್‌ಐಗಳಿಗೆ ಇಂಟ್ರಾಡೇಯನ್ನು ನಮ್ಮ ವಿದೇಶಿ ವಿನಿಮಯ ನಿಯಮವೇ ತಡೆದಿದೆ, ಡೆಲಿವರಿ ತೆಗೆದುಕೊಳ್ಳಲೇಬೇಕು. ಶರೀಅತ್ತಿನ ಅರ್ಧ ಕೆಲಸ ಕಾನೂನೇ ಮಾಡಿಕೊಟ್ಟಂತೆ. ಆದರೆ ಊರಿನ ಹಳೆಯ ನಿವಾಸಿ ಡಿಮ್ಯಾಟನ್ನೇ ಹಾಗೆಯೇ ನಡೆಸುವುದು ಫೆಮಾ ಎಂಬ ವಿದೇಶಿ ವಿನಿಮಯ ಕಾನೂನಿನ ಉಲ್ಲಂಘನೆ. ಎನ್‌ಆರ್‌ಇ ಅಥವಾ ಎನ್‌ಆರ್‌ಒ ಎಂಬ ಅನಿವಾಸಿಗಳ ಬ್ಯಾಂಕ್ ಖಾತೆಗೆ ಜೋಡಿಸಿದ ಹೊಸ ಡಿಮ್ಯಾಟ್ ಬೇಕು. ತಮ್ಮನ ಹೆಸರಿನಲ್ಲಿ ಕೊಳ್ಳುವ ರೂಢಿ ಇನ್ನೂ ಕೆಟ್ಟದ್ದು: ಝಕಾತ್ (ವರ್ಷಕ್ಕೊಮ್ಮೆ ಕೊಡಬೇಕಾದ ಕಡ್ಡಾಯ ದಾನ) ಯಾರು ಕೊಡಬೇಕು, ಯಾರಾದರೂ ತೀರಿಹೋದರೆ ಆಸ್ತಿ ಯಾರದು ಎಂಬುದಕ್ಕೆ ದಾಖಲೆಯೇ ಇರುವುದಿಲ್ಲ. ಎನ್‌ಆರ್‌ಇ ಠೇವಣಿಯ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ ಎಂಬುದರಿಂದ ಅದು ರಿಬಾ ಅಲ್ಲದೆ ಹೋಗುವುದಿಲ್ಲ.

ಶುದ್ಧೀಕರಣ

ಹೆಚ್ಚಿನವರು ಎಡವುವುದು ಇಲ್ಲಿ, ಕಷ್ಟವಾದ್ದರಿಂದ ಅಲ್ಲ, ಮಾಡದೇ ಬಿಡುವುದರಿಂದ. ಕಂಪನಿ ಮಿತಿಯೊಳಗೆ ಪಾಸಾಯಿತು ಅಂದರೆ ಆ 1.9% ನಿಮಗೆ ಹಲಾಲ್ ಆಯಿತು ಎಂದಲ್ಲ. ಷೇರು ಇಟ್ಟುಕೊಳ್ಳಬಹುದು, ಆ ಭಾಗವನ್ನು ಹೊರಹಾಕಬೇಕು.

ಎರಡು ರೀತಿ ಇದೆ. ನಿಮ್ಮಲ್ಲಿ ಮೇಲಿನ ಕಂಪನಿಯ 400 ಷೇರು ಇವೆ, ಷೇರಿಗೆ 5 ರೂಪಾಯಿ ಡಿವಿಡೆಂಡ್ ಬಂತು, ಒಟ್ಟು 2,000 ರೂಪಾಯಿ. ಡಿವಿಡೆಂಡ್ ರೀತಿಯಲ್ಲಿ ಅದರ 1.9%, ಅಂದರೆ 38 ರೂಪಾಯಿ ಕೊಟ್ಟರೆ ಮುಗಿಯಿತು. ಷೇರು ರೀತಿಯಲ್ಲಿ ಕಂಪನಿಯ 38 ಕೋಟಿ ನಿಷಿದ್ಧ ಆದಾಯವನ್ನು ಅದರ 50 ಕೋಟಿ ಷೇರುಗಳಿಂದ ಭಾಗಿಸುತ್ತಾರೆ. ಷೇರಿಗೆ 76 ಪೈಸೆ, 400 ಷೇರಿಗೆ 304 ರೂಪಾಯಿ. ಅದೇ ಷೇರು, ಅದೇ ವರ್ಷ, ಎಂಟು ಪಟ್ಟು ವ್ಯತ್ಯಾಸ.

ಆಯೋಫಿ ಹೇಳುವುದು ಎರಡನೆಯದನ್ನು: ಡಿವಿಡೆಂಡ್ ಹಂಚಲಿ ಬಿಡಲಿ, ಆರ್ಥಿಕ ವರ್ಷದ ಕೊನೆಗೆ ಷೇರು ಯಾರ ಕೈಯಲ್ಲಿದೆಯೋ ಅವರು ಹೊರಹಾಕಬೇಕು. ತರ್ಕವೂ ಅದರ ಕಡೆಗೇ ಇದೆ. ಬಡ್ಡಿ ಬಂದು ಕಂಪನಿಯಲ್ಲೇ ಉಳಿದರೂ ಅದು ಷೇರಿನ ಬೆಲೆಯೊಳಗೆ ಸೇರಿಕೊಂಡಿದೆ. ಡಿವಿಡೆಂಡೇ ಕೊಡದ ಕಂಪನಿಯಲ್ಲಿ ಮೊದಲ ರೀತಿಯ ಲೆಕ್ಕ ಸೊನ್ನೆ ಬರುತ್ತದೆ. ಬಡ್ಡಿ ಎಲ್ಲಿ ಹೋಯಿತು ಎಂದು ಕೇಳಿದರೆ ಉತ್ತರವಿಲ್ಲ. 304 ರೂಪಾಯಿ ಕೊಟ್ಟುಬಿಡುವುದು ಮನಸ್ಸಿಗೆ ನೆಮ್ಮದಿ.

ಈ ಹಣ ಸದಕಾ (ಪುಣ್ಯದ ದಾನ) ಅಲ್ಲ, ಝಕಾತಿಗೆ ವಜಾ ಆಗುವುದಿಲ್ಲ, ಪುಣ್ಯದ ನಿರೀಕ್ಷೆ ಇಲ್ಲದೆ ಬಡವರಿಗೆ ಮುಟ್ಟಿಸುವುದು. ಕಟ್ಟಿದ ಆದಾಯ ತೆರಿಗೆಯನ್ನು ಇದರ ಲೆಕ್ಕಕ್ಕೆ ಹಿಡಿಯಬಾರದು. ದತ್ತಿ ಸಂಸ್ಥೆಗೆ ಕೊಟ್ಟರೆ ಅದರ ರಸೀದಿ ತೋರಿಸಿ ತೆರಿಗೆ ಉಳಿಸಿಕೊಳ್ಳುವುದೂ ಸಲ್ಲದು. ಹೊರಹಾಕಿದ ಹಣದಿಂದ ನಿಮಗೇ ಲಾಭ ಬಂದಂತಾಯಿತು. ಬ್ಯಾಂಕಿನ ಉಳಿತಾಯ ಖಾತೆಗೆ ಮೂರು ತಿಂಗಳಿಗೊಮ್ಮೆ ಬೀಳುವ ಬಡ್ಡಿಯನ್ನೂ ಇದರ ಜತೆಗೇ ಬರೆದಿಟ್ಟುಕೊಳ್ಳಿ. ಒಂದು ನೋಟುಪುಸ್ತಕ ಸಾಕು: ಕಂಪನಿ, ಮಾರ್ಚ್ 31ಕ್ಕೆ ಇದ್ದ ಷೇರು, ಷೇರಿಗೆ ಪೈಸೆ, ಒಟ್ಟು, ಕೊಟ್ಟ ತಾರೀಕು. ವಾರ್ಷಿಕ ವರದಿಗಳು ಜುಲೈ, ಆಗಸ್ಟಿನಲ್ಲಿ ಬರುತ್ತವೆ. ಮಳೆಗಾಲದಲ್ಲಿ ಕೂತು ಮಾಡುವ ಕೆಲಸ.

ಝಕಾತಿನ ಲೆಕ್ಕ ಉದ್ದೇಶದ ಮೇಲೆ. ಬೆಲೆ ಏರಿದಾಗ ಮಾರಲೆಂದೇ ಕೊಂಡಿದ್ದರೆ ಅದು ವ್ಯಾಪಾರದ ಸರಕು: ವರ್ಷ ತುಂಬಿದ ದಿನದ ಮಾರುಕಟ್ಟೆ ಬೆಲೆಯ 2.5%. 6 ಲಕ್ಷಕ್ಕೆ 15,000 ರೂಪಾಯಿ. ಚಾಂದ್ರಮಾನ ಬಿಟ್ಟು ಮಾರ್ಚ್‌ನಿಂದ ಮಾರ್ಚ್ ಎಂದು ಹಿಡಿಯುವವರು 2.577% ಕೊಡಬೇಕು, ಅಂದರೆ 15,462. ಷೇರು ನಷ್ಟದಲ್ಲಿದೆ ಎಂದು ಝಕಾತ್ ತಪ್ಪುವುದಿಲ್ಲ, ಆ ದಿನದ ಬೆಲೆಗೆ ಲೆಕ್ಕ. ಡಿವಿಡೆಂಡಿಗಾಗಿ ವರ್ಷಗಟ್ಟಲೆ ಇಡುವವರಿಗೆ ಕಂಪನಿಯ ನಗದು, ಬರಬೇಕಾದ ಬಾಕಿ, ದಾಸ್ತಾನು ಇಷ್ಟರ ಮೇಲೆ ಮಾತ್ರ. ಕಟ್ಟಡ, ಯಂತ್ರಕ್ಕೆ ಇಲ್ಲ. ನಮ್ಮ ಕಂಪನಿಯಲ್ಲಿ ಇವು 1,100 ಕೋಟಿ ಇದ್ದರೆ ಷೇರಿಗೆ 22 ರೂಪಾಯಿ, 400 ಷೇರಿಗೆ 8,800, ಝಕಾತ್ 220 ರೂಪಾಯಿ. ಉದ್ದೇಶವನ್ನು ಕೊಳ್ಳುವಾಗಲೇ ಬರೆದಿಡಿ. ರಮಝಾನಿನಲ್ಲಿ ಕೂತು ಯಾವುದು ಕಡಿಮೆ ಬರುತ್ತದೋ ಅದನ್ನು ಆರಿಸುವಂತಾಗಬಾರದು.

ಇಷ್ಟೆಲ್ಲ ಆಗದವರಿಗೆ

ಫಂಡುಗಳಿವೆ. ಟಾಟಾ ಎಥಿಕಲ್ ಫಂಡ್, ಟಾರಸ್ ಎಥಿಕಲ್ ಫಂಡ್, ನಿಫ್ಟಿ 50 ಶರೀಅ ಸೂಚ್ಯಂಕವನ್ನು ಹಿಂಬಾಲಿಸುವ ನಿಪ್ಪಾನ್ ಇಂಡಿಯಾದ ಶರೀಅ ಬೀಸ್. ಕೊನೆಯದನ್ನು ಷೇರಿನ ಹಾಗೆ ಪೇಟೆಯಲ್ಲೇ ಕೊಳ್ಳಬೇಕು, ಆದರೆ ಅಲ್ಲಿ ವಹಿವಾಟು ತೆಳು. ಮಾರ್ಕೆಟ್ ಆರ್ಡರ್ ಹಾಕಿದರೆ ನಿಜ ಮೌಲ್ಯಕ್ಕಿಂತ ಹೆಚ್ಚಿಗೆ ಕೊಡುವ ಅಪಾಯವಿದೆ. ಫಂಡಿನ ಜಾಲತಾಣದಲ್ಲಿ ಆ ಹೊತ್ತಿನ ಮೌಲ್ಯ ನೋಡಿ, ಬೆಲೆಯನ್ನು ನೀವೇ ನಿಗದಿ ಮಾಡುವ ಲಿಮಿಟ್ ಆರ್ಡರನ್ನು ಅದಕ್ಕೆ ಹತ್ತಿರದ ಬೆಲೆಗೆ ಹಾಕಿ. ನಿಫ್ಟಿ 50ರಲ್ಲಿ ಸುಮಾರು ಮೂರನೇ ಒಂದು ಭಾಗ ಬ್ಯಾಂಕು, ಹಣಕಾಸು ಕಂಪನಿಗಳದು. ಶರೀಅ ಫಂಡಿನಲ್ಲಿ ಅವು ಇಲ್ಲವಾದ್ದರಿಂದ ಐಟಿ, ಔಷಧಿ, ಗ್ರಾಹಕ ವಸ್ತುಗಳ ತೂಕ ಹೆಚ್ಚು. ಬ್ಯಾಂಕು ಏರಿದ ವರ್ಷ ಹಿಂದೆ ಬೀಳುತ್ತವೆ, ಬಿದ್ದ ವರ್ಷ ಉಳಿದುಕೊಳ್ಳುತ್ತವೆ. ಇದು ತಿಳಿದೇ ಹಾಕಬೇಕು, ಮಧ್ಯದಲ್ಲಿ ಹೆದರಿ ತೆಗೆಯಬಾರದು.

ಫಂಡಿಗೂ ಷೇರಿಗೂ ಬದಲಾಗಿ ಊರಿಗೆ ಬರುವ ಮೂರನೆಯ ಬಗೆಯ ಜನರಿದ್ದಾರೆ. 'ಹಲಾಲ್ ಹೂಡಿಕೆ, ಬಡ್ಡಿ ಇಲ್ಲ, ತಿಂಗಳಿಗೆ ಇಷ್ಟು ಲಾಭ ಖಾತ್ರಿ.' 2019ರಲ್ಲಿ ಬೆಂಗಳೂರಿನಲ್ಲಿ ಇಂಥದ್ದೊಂದು ಕುಸಿದಾಗ ಎಷ್ಟು ಮನೆಗಳ ಮದುವೆಯ ಚಿನ್ನ ಹೋಯಿತು ಎಂಬುದು ಇನ್ನೂ ಯಾರೂ ಮರೆತಿಲ್ಲ. ಇದನ್ನು ಹಿಡಿಯಲು ಬ್ಯಾಲೆನ್ಸ್ ಶೀಟು ಬೇಡ. ಪಾಲುದಾರಿಕೆಯಲ್ಲಿ ನಿಗದಿತ ಲಾಭದ ಖಾತ್ರಿ ಕೊಟ್ಟ ಕ್ಷಣದಲ್ಲೇ ಫಿಕ್ಹಿನ ಪ್ರಕಾರ ಅದು ಪಾಲುದಾರಿಕೆಯಾಗಿ ಉಳಿಯುವುದಿಲ್ಲ. ಬಲೆ ಖಾಲಿ ಬಂದ ದಿನವೂ ನನಗೆ ದುಡ್ಡು ಬೇಕು ಎನ್ನುವವನ ಮಾತದು.

ಕೊನೆಯದಾಗಿ ನಾಮಿನಿ ವಿಷಯ. ಡಿಮ್ಯಾಟಿನಲ್ಲಿ ಹೆಂಡತಿಯ ಅಥವಾ ಹಿರಿಯ ಮಗನ ಹೆಸರು ಹಾಕಿದರೆ ಷೇರು ಅವರಿಗೇ ಸೇರುತ್ತದೆ ಎಂದು ಹಲವರು ತಿಳಿದಿದ್ದಾರೆ. 2023ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಷೇರಿನ ನಾಮಿನಿ ಒಡೆಯನಲ್ಲ, ವಾರಸುದಾರರ ಪರವಾಗಿ ಹಿಡಿದುಕೊಂಡವನು ಮಾತ್ರ. ಫರಾಇಝ್ (ಇಸ್ಲಾಮಿನ ವಾರಸಾ ನಿಯಮ) ಪ್ರಕಾರ ತಾಯಿ, ಹೆಂಡತಿ, ಮಗಳು ಎಲ್ಲರ ಪಾಲು ಅದರಲ್ಲಿದೆ. ಡಿಮ್ಯಾಟ್ ಖಾತೆಯ ಸಂಖ್ಯೆ, ಬ್ರೋಕರನ ಹೆಸರು, ಶುದ್ಧೀಕರಣದ ಆ ನೋಟುಪುಸ್ತಕ ಎಲ್ಲಿದೆ ಎಂಬುದನ್ನು ಮನೆಯಲ್ಲಿ ಇಬ್ಬರಿಗಾದರೂ ತಿಳಿಸಿಡಿ.